ಹೂವಿನ ಲೂರ್ದಮ್ಮನ ಓಲೆ

ಭಾನುವಾರ ನಮ್ಮ ಚರ್ಚಿನ ಗಂಟೆ ಹೊಡೆಯೋದು ಉಪದೇಶಿ, ಆದರೆ ಬೀದಿಯವರನ್ನ ಎಬ್ಬಿಸೋದು ನಮ್ಮ ಅತ್ತಿಗೆ ಲೂರ್ದಮ್ಮ. ಅತ್ತಿಗೆ ಅಂದ್ರೆ ನನ್ನ ಗಂಡನ ಅಕ್ಕ. ಬಕೆಟ್ ತುಂಬಾ ಹೂವು ಹಿಡ್ಕೊಂಡು ಹೊರಟಳು ಅಂದ್ರೆ ಒಂದೊಂದು ಬಾಗಿಲ ಮುಂದೂ ನಿಂತು, "ಏ ಸಗಾಯಮ್ಮ, ಇನ್ನೂ ಎದ್ದಿಲ್ವಾ? ದ್ಯಾವ್ರು ನಿನ್ಗ ಕಾಯ್ಕಂಡು ಕುಂತಿದ್ದನಾ?" ಅಂತ ಕೂಗ್ತಾಳೆ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಂಡ್ರೂ ಅವಳು ಕ್ಯಾರೆ ಅನ್ನಲ್ಲ.

ಹನೂರು ಬಸ್ ಸ್ಟ್ಯಾಂಡಲ್ಲಿ ಹೂವು ಮಾರೋದು ಅವಳ ಕಸುಬು. ಬೆಟ್ಟಕ್ಕೆ ಹೋಗೋ ಮಾದಪ್ಪನ ಒಕ್ಕಲಿನವರೆಲ್ಲ ಅವಳ ಗಿರಾಕಿಗಳು. ಶನಿವಾರ ಬಂದ ಮಾಲಲ್ಲಿ ಚೆನ್ನಾಗಿರೋದನ್ನ ಮಾತ್ರ ಮಾರದೆ ಚರ್ಚಿನ ಪೀಠಕ್ಕೆ ಎತ್ತಿಡ್ತಾಳೆ. ಪೂಜೆ ಹೊತ್ತಲ್ಲಿ ಫ್ಯಾನ್ ಕೆಳಗಿನ ಬೆಂಚಿನ ತುದಿ ಅವಳದು. ಹಾಡು ಶುರು ಮಾಡೋದು ಕೊಯರ್‌ನವರು, ಮುಗಿಸೋದು ಅತ್ತಿಗೆ. ಅವರು ನಿಲ್ಲಿಸಿದ ಮೇಲೂ ಒಂದು ಸಾಲು ಎಳೀತಾಳೆ.

ನಮ್ಮ ಮಾವ ಮದುವೆ ಬ್ಯಾಂಡಲ್ಲಿ ಕ್ಲಾರಿನೆಟ್ ಊದ್ತಿದ್ರಂತೆ. ಅವರು ತೀರಿಕೊಂಡಾಗ ಅತ್ತಿಗೆ ಇನ್ನೂ ಲಂಗದಾವಣಿ ಹುಡುಗಿ, ಕೆಳಗೆ ಇಬ್ಬರು ತಮ್ಮಂದಿರು. ಅವತ್ತು ಎತ್ತಿದ ಹೂವಿನ ಬುಟ್ಟಿ ಇವತ್ತಿಗೂ ಇಳಿಸಿಲ್ಲ. ತಮ್ಮಂದಿರನ್ನ ಓದಿಸಿ, ಇಬ್ಬರಿಗೂ ಹೆಣ್ಣು ತಂದು, ನಮ್ಮ ಬಾಣಂತನ ಮಾಡಿ, ಮಕ್ಕಳ ಮೂಗು ಒರೆಸೋ ಹೊತ್ತಿಗೆ ಅವಳಿಗೆ ಐವತ್ತು ಹತ್ತಿರ ಬಂದಿತ್ತು. ಮದುವೆ ಮಾತು ಎತ್ತಿದ್ರೆ, "ನಂಗ್ಯಾಕವ್ವ ಮದ್ವ? ಬಯ್ಯಕ್ಕ ಊರ್ ತುಂಬಾ ಗಂಡಸ್ರವ್ರಲ್ಲ" ಅಂತಿದ್ಲು. ನಾವೂ ನಕ್ಕು ಸುಮ್ಮನಾಗ್ತಿದ್ವಿ.

ಆದರೆ ಓಲೆ ಓದೋ ಭಾನುವಾರ ಅವಳ ಮುಖ ನೋಡಬೇಕಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ, ಪೂಜೆ ಮುಗಿಯೋ ಹೊತ್ತಿಗೆ, ಫಾದರು ಗಂಡು ಹೆಣ್ಣಿನ ಹೆಸರು ಓದಿ, ಅಡ್ಡಿ ಏನಾದ್ರೂ ಗೊತ್ತಿದ್ದವರು ತಿಳಿಸಿ ಅಂತಾರೆ. ಅದಕ್ಕೇ ಓಲೆ ಅನ್ನೋದು. ಯಾವಳ ಓಲೆ ಓದಿದ್ರೂ ಅತ್ತಿಗೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಅಪ್ಪ ಅಮ್ಮನ ಹೆಸರು ಸಮೇತ ಕೇಳಿಸ್ಕೊಳ್ಳೋಳು. ಆ ಹುಡುಗಿ ಎರಡು ಮಕ್ಕಳ ತಾಯಿ ಆದ ಮೇಲೂ, "ನಿನ್ನ ಓಲೆ ದಿವ್ಸ ಎಂಥಾ ಮಳೆ ಗೊತ್ತಾ?" ಅಂತ ಜ್ಞಾಪಿಸೋಳು. ಅವಳಿಗೂ ಆಸೆ ಇದೆ ಅಂತ ನಾನು ಆಗಲೇ ತಿಳ್ಕೋಬೇಕಿತ್ತು.

ಇಂಥಾ ಅತ್ತಿಗೆಗೆ ಗಂಟು ಬಿದ್ದವರು ಟೈಲರ್ ಚೌರಪ್ಪ. ಹನೂರು ಬಸ್ ಸ್ಟ್ಯಾಂಡಿನ ಎದುರು ಅಂಗಡಿ. ಹೆಂಡತಿ ಹೋಗಿ ಎಷ್ಟೋ ವರ್ಷ ಆಗಿದೆ, ಒಬ್ಬಳೇ ಮಗಳನ್ನ ಕೊಳ್ಳೇಗಾಲಕ್ಕೆ ಕೊಟ್ಟಿದ್ದಾರೆ. ಒಡೆಯರಪಾಳ್ಯದ ಆಚೆ ಕಡೆಯವರು. ಮನೇಲಿ ತಮಿಳು, ಅಂಗಡೀಲಿ ಕನ್ನಡ, ಸಿಟ್ಟು ಬಂದ್ರೆ ಎರಡೂ ಇಲ್ಲ. ಚರ್ಚಿನ ಪೀಠದ ಬಟ್ಟೆ ಹೊಲಿಯೋದು ಅವರೇ, ಒಗೆದು ಇಸ್ತ್ರಿ ಮಾಡೋದು ಅತ್ತಿಗೆ. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಆ ಬಟ್ಟೆಯ ಅಂಚು ವಾರ ವಾರ ಬಿಚ್ಚಿಕೊಳ್ಳೋಕೆ ಶುರುವಾಯ್ತು. ಅತ್ತಿಗೆ ಪ್ರತಿ ಸೋಮವಾರ ಅದನ್ನ ಹಿಡ್ಕೊಂಡು ಅಂಗಡಿಗೆ ಹೋಗಿ, "ಏನ್ರೀ ಟೈಲರೇ, ನಿಮ್ಮ ಒಲಿಗೆ ಒಂದ್ ಪೂಜೆ ತಡ್ಯಕಿಲ್ವಲ್ಲ!" ಅಂತ ಬಸ್ ಸ್ಟ್ಯಾಂಡಿಗೆಲ್ಲ ಕೇಳೋ ಹಾಗೆ ಕೂಗೋಳು.

ಒಂದು ಸೋಮವಾರ ಚೌರಪ್ಪನವರು ಕನ್ನಡಕ ತೆಗೆದಿಟ್ಟು ಅಂದರಂತೆ: "ಲೂರ್ದಮ್ಮ, ನನ್ನ ಒಲಿಗೆ ಅಂಗೆಲ್ಲ ಬಿಚ್ಕಳಕಿಲ್ಲ. ಯಾರೋ ಕುಂತ್ಕಂಡು ಬಿಚ್ಚವ್ರೆ. ವಾರ ವಾರ ಇಷ್ಟು ಕಷ್ಟ ಪಡೋ ಬದ್ಲು ಮನೆಗೇ ಬಂದ್ಬುಡಿ."

ಅತ್ತಿಗೆ ಬಟ್ಟೆ ಅಲ್ಲೇ ಬಿಸಾಕಿ ಮನೆಗೆ ಬಂದು ನನ್ನ ಮೇಲೆ ಜಗಳಕ್ಕೆ ಬಿದ್ದಳು. ನಾನೇನು ಮಾಡಿದ್ದೆ? ಅವರ ಹತ್ತಿರ ಆಡೋಕೆ ಬಾಯಿ ಬರಲಿಲ್ಲ, ಅಷ್ಟೇ. "ನೀನೇ ಬಿಚ್ಚಿದ್ದಾ ಅತ್ಗೆ?" ಅಂದೆ. "ಇಲಿ ಕಣೆ" ಅಂದಳು. ದಾರದ ತುದಿ ಹುಡುಕಿ ನೀಟಾಗಿ ಬಿಚ್ಚೋ ಇಲಿ ನಮ್ಮ ಚರ್ಚಲ್ಲಿ ಮಾತ್ರ ಇರೋದು.

ನಮ್ಮ ಯಜಮಾನ್ರು ವಿಷಯ ಕೇಳಿ ಮೊದಲು ನಂಬಲಿಲ್ಲ. ಅಕ್ಕ ಅನ್ನೋಳು ಮನೆ ಬಿಟ್ಟು ಹೋಗಬಹುದು ಅಂತ ಅವರ ತಲೆಗೆ ಯಾವತ್ತೂ ಬಂದಿರಲಿಲ್ಲ. ಅಕ್ಕನಿಗೂ ಮನಸ್ಸಿದೆ ಅಂತ ಗೊತ್ತಾದ ಮೇಲೆ ಅವರೇ ಹೋಗಿ ಫಾದರ್ ಹತ್ತಿರ ಇಬ್ಬರ ಹೆಸರೂ ಕೊಟ್ಟು ಬಂದರು. "ಓಲೆ ಓದೋಗಂಟ ಯಾರ್ಗೂ ಬಾಯ್ ಬುಡ್ಬ್ಯಾಡಿ" ಅಂತ ಅತ್ತಿಗೆ ನಮ್ಮ ಹತ್ತಿರ ಆಣೆ ಇಡಿಸ್ಕೊಂಡಳು. ಊರಿಗೆಲ್ಲ ಚರ್ಚಲ್ಲೇ ಗೊತ್ತಾಗಬೇಕಂತೆ, ಬೇರೆ ಹೆಣ್ಣುಮಕ್ಕಳದು ಗೊತ್ತಾದ ಹಾಗೆ.

ಆದರೂ ಪಕ್ಕದ ಮನೆ ಶಿವರತ್ನಮ್ಮನಿಗೆ ಸುಳಿವು ಸಿಕ್ಕಿಬಿಡ್ತು. ನಮ್ಮ ಜಾತಿಯಲ್ಲ, ನಮ್ಮ ಪದ್ಧತಿ ಗೊತ್ತಿಲ್ಲ, ಗೋಡೆಗೆ ಕಿವಿ ಕೊಡೋದು ಮಾತ್ರ ಚೆನ್ನಾಗಿ ಗೊತ್ತು. ಕಾಂಪೌಂಡ್ ಮೇಲಿಂದ ತಲೆ ಹಾಕಿ, "ಪಿಲೋಮಿ, ಲೂರ್ದಮ್ಮಕ್ಕಂಗೆ ಮೂರ್ ಓಲೆ ಅಂತಿದ್ರಲ್ಲ, ಚಿನ್ನದ್ದಾ?" ಅಂದಳು. "ಇರೋದು ಎಲ್ಡೇ ಕಿವಿ. ಮೂರ್ನೇದು ಎಲ್ಗಾಕಂಡಳು?" ನಾನು ನೆಲದ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಬಿಡಿಸಿ ಹೇಳಿದ ಮೇಲೆ ಅವಳಿಂದಲೂ ಆಣೆ ಇಡಿಸ್ಕೊಂಡೆ.

ಇನ್ನೊಂದು ಮಾತು. ನಮ್ಮ ಚರ್ಚಿನ ಹಳಬರು ಬಿಡದೆ ನಡೆಸ್ಕೊಂಡು ಬಂದಿರೋ ಪದ್ಧತಿ ಇದು: ಓಲೆ ಓದೋ ದಿನ ಗಂಡೂ ಹೆಣ್ಣೂ ಆ ಪೂಜೇಲಿ ಇರಬಾರದು. ತನ್ನ ಓಲೆ ತಾನೇ ಕೇಳಿಸ್ಕೊಂಡ್ರೆ ಒಳ್ಳೇದಲ್ಲ ಅಂತಾರೆ. ಯಾಕೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಜ್ವರ ಇದ್ರೂ ಪೂಜೆ ತಪ್ಪಿಸದ ಅತ್ತಿಗೆ ಆ ಭಾನುವಾರ ಮುಂಜಾನೆಯೇ ಪೀಠಕ್ಕೆ ಹೂವಿಟ್ಟು ಮನೆಗೆ ವಾಪಸ್ ಬಂದಳು. "ಫಾದ್ರು ಎಂಗೆ ಓದುದ್ರು, ಯಾರ್ಯಾರು ತಿರೀಕಂಡು ನೋಡುದ್ರು, ಎಲ್ಲಾ ಬಂದು ಏಳ್ಬೇಕು" ಅಂತ ನನ್ನನ್ನ ಕಳಿಸಿ, ಕೋಳಿ ಸಾರಿಗೆ ಮಸಾಲೆ ರುಬ್ಬೋಕೆ ಕೂತಳು.

ನಮ್ಮ ಫಾದರು ಹೊಸಬರು, ಊರಿನ ಪರಿಚಯ ಸಾಲದು. ಪ್ರಕಟಣೆ ಎಲ್ಲ ಮುಗಿಸಿ ಓದಿದರು: "ಹನೂರಿನ ಚೌರಪ್ಪನವರಿಗೂ ನಮ್ಮ ಧರ್ಮಕೇಂದ್ರದ ಚಿನ್ನಪ್ಪನವರ ಮಗಳು ಲೂರ್ದ್ ಮೇರಿಗೂ ವಿವಾಹ ನಿಶ್ಚಯವಾಗಿದೆ. ಇದು ಮೊದಲನೆಯ ಓಲೆ."

ಇಡೀ ಚರ್ಚು ಒಟ್ಟಿಗೆ ತಿರುಗಿತು. ತಿರುಗಿದ್ದು ನನ್ನ ಕಡೆಗಲ್ಲ, ಸಗಾಯಮ್ಮನ ಕಡೆಗೆ. ಅವಳ ಗಂಡನೂ ಚಿನ್ನಪ್ಪ, ಮನೆಗಳಿಗೆ ವೈರಿಂಗ್ ಮಾಡೋ ಚಿನ್ನಪ್ಪ. ಮಗಳೂ ಲೂರ್ದ್ ಮೇರಿ, ಮೈಸೂರಲ್ಲಿ ನರ್ಸಿಂಗ್ ಓದ್ತಾಳೆ, ರಜಕ್ಕೆ ಬಂದಿದ್ದಳು. ನಮ್ಮ ಮಾವನ ಹೆಸರೂ ಚಿನ್ನಪ್ಪ ಅನ್ನೋದು ಯಾರಿಗೆ ನೆನಪಿದೆ? ಈಗಿನ ಊರಿಗೆ ಅವರು ಬರೀ ಬ್ಯಾಂಡ್ ತಾತ. ಕಾಗದದಲ್ಲಿ ದಿವಂಗತ ಅಂತ ಬರೆದಿದ್ದನ್ನ ಫಾದರು ಓದೋ ಭರದಲ್ಲಿ ಬಿಟ್ಟುಬಿಟ್ಟಿದ್ದರು.

"ಅಯ್ಯೋ ನನ್ ಮಗ್ಳಾ! ಆ ಮುದ್ಕನ್ಗಾ!" ಅಂತ ಸಗಾಯಮ್ಮ ಎದ್ದು ನಿಂತಳು. ಪಾಪ ಆ ಹುಡುಗಿ ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಫಾದರು ಕಾಗದ ತಿರುಗಿಸಿ ತಿರುಗಿಸಿ ನೋಡಿದರು. ಕೊನೆ ಆಶೀರ್ವಾದ ಯಾರಿಗೆ ಸಿಕ್ಕಿತೋ ಯಾರಿಗೆ ಬಿಟ್ಟಿತೋ, ಜನ ಎಲ್ಲ ಅಂಗಳಕ್ಕೆ ನುಗ್ಗಿದರು. ಸಗಾಯಮ್ಮ ಟೈಲರ್ ಮನೆಗೆ ಹೋಗ್ತೀನಿ ಅಂತ ಆಟೋ ಮಾದೇಶನನ್ನ ಕೂಗ್ತಿದ್ದಳು.

ನಾನು ಅವಳ ಸೆರಗು ಹಿಡಿದು ಎಳೆದೆ. "ಲೇ ಸಗಾಯಮ್ಮ, ನಿನ್ ಮಗ್ಳಲ್ಲ ಕಣೆ. ನಮ್ಮತ್ಗೆ!"

"ಯಾವತ್ಗೆ?"

"ನಂಗೆಷ್ಟ್ ಜನ ಅತ್ಗೇರವ್ರೆ? ನಮ್ಮ ಲೂರ್ದಮ್ಮತ್ಗೆ!"

ಸಗಾಯಮ್ಮ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಸುತ್ತ ಇದ್ದವರೂ ನಕ್ಕರು. "ಊವಿನ ಲೂರ್ದಮ್ಮನಾ? ತಮಾಸೆ ಮಾಡ್ಬ್ಯಾಡ ಬುಡು ಪಿಲೋಮಿ. ಆಯಮ್ಮಂಗ್ಯಾವ ಓಲೆ?"

ನನ್ನ ಮೈ ಉರಿದುಹೋಯ್ತು. ಅವಳು ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಅದಕ್ಕೇ ಜಾಸ್ತಿ ಉರೀತು. ನಮ್ಮ ಯಜಮಾನ್ರು ಬಂದು ಬಾಯಿ ಬಿಟ್ಟ ಮೇಲೆ ಜನ ನಂಬಿದರು. ಆಟೋ ಹೊರಡಲಿಲ್ಲ, ಟೈಲರ್ ಬಚಾವಾದರು, ಸಗಾಯಮ್ಮ "ಅಯ್ಯೋ ನನ್ನ ಬಾಯ್ಗಿಷ್ಟು ಮಣ್ಣಾಕ" ಅಂತ ಕೆನ್ನೆ ಕೆನ್ನೆ ಬಡ್ಕೊಂಡಳು. ಆದರೆ ಮನೇಲಿ ಕಾಯ್ತಾ ಕೂತಿರೋಳಿಗೆ ಏನು ಹೇಳಲಿ?

ಸುಳ್ಳು ಹೇಳೋಣ ಅಂದ್ರೆ ನನ್ನ ಮುಖ ಸಹಕರಿಸಲ್ಲ. ಎಲ್ಲ ಹೇಳಿದೆ. ಸಗಾಯಮ್ಮ ಎದ್ದು ನಿಂತಿದ್ದು ಕೇಳಿ ಅತ್ತಿಗೆ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನಗ್ತಾ ನಗ್ತಾ ನಿಲ್ಲಿಸಿ, ಸೌಟನ್ನ ಪಾತ್ರೆಗೆ ಇಟ್ಟು ಕೇಳಿದಳು. "ಅಷ್ಟು ಜನದೊಳ್ಗ ಒಬ್ರಿಗೂ ನನ್ನ ಗ್ಯಾನ ಬರ್ನಿಲ್ವಾ ಪಿಲೋಮಿ?"

ನಾನು ಸೌಟು ಎತ್ತಿಕೊಂಡು ಸಾರು ಕದಡೋಕೆ ಶುರು ಮಾಡಿದೆ.

"ಓಲೆ ವಾಪಸ್ ತಕ್ಕಬುಡು ಅನ್ನು ನಿನ್ನ ಗಂಡಂಗೆ" ಅಂದಳು. "ನಗೆಪಾಟ್ಲಾಯ್ತು. ಈ ವಯಸ್ಗ ಇದ್ಯಾಕ್ ಬೇಕಾಗಿತ್ತು ನಂಗ?"

ಆ ವಾರ ಮನೆ ಮನೆಯಾಗಿರಲಿಲ್ಲ. ಅತ್ತಿಗೆ ಯಾರನ್ನೂ ಬಯ್ಯಲಿಲ್ಲ, ಮಕ್ಕಳು ಹೆದರಿಬಿಟ್ಟವು. ಫಾದರು ಮನೆಗೇ ಬಂದು, "ತಪ್ಪು ನಂದಮ್ಮ, ಈ ಭಾನುವಾರ ಸರಿಯಾಗಿ ಓದ್ತೀನಿ" ಅಂದರು. ಅವರಿಗೆ ಕಾಫಿ ಕೊಟ್ಟು ಹೂವು ಕಟ್ಟೋಕೆ ಕೂತಳು. ಚೌರಪ್ಪನವರು ಒಂದು ಸಂಜೆ ಬಂದು ಜಗಲಿ ಮೇಲೆ ಕೂತರು. ಬಾಗಿಲ ಕಡೆ ನೋಡಿ, "ನಕ್ಕೋರು ನಗ್ಲಿ. ನಂಗ ನೀನಿಲ್ದೆ ಅಂಗಡೀಲಿ ಸೋಮವಾರ ಕಳಿಯಕಿಲ್ಲ. ಬ್ಯಾಡ ಅಂದ್ರೆ ನೀನೇ ಏಳು, ಊರೋರ್ ಬಾಯಲ್ಲಿ ಏಳಿಸ್ಬ್ಯಾಡ" ಅಂದರು. ಅಷ್ಟು ಮಾತು ಒಟ್ಟಿಗೆ ಆಡಿದ್ದು ನಾನು ಅವತ್ತೇ ಕೇಳಿದ್ದು. ಅತ್ತಿಗೆ ಬಾಗಿಲ ಹಿಂದೆಯೇ ನಿಂತಿದ್ದಳು.

ಭಾನುವಾರ ಬೆಳಿಗ್ಗೆ ನಾನು ತಲೆ ಬಾಚಿಕೊಳ್ತಿದ್ದೆ. ಅತ್ತಿಗೆ ಒಳಗಿಂದ ಬಂದಳು. ಮೈ ಮೇಲೆ ಕೊಳ್ಳೇಗಾಲದ ರೇಷ್ಮೆ ಸೀರೆ, ನನ್ನ ಮದುವೆಗೆ ಅಂತ ತಗೊಂಡು ಆಮೇಲೆ ಉಡದೇ ಇಟ್ಟಿದ್ದು. ತಲೆ ತುಂಬಾ ಮಲ್ಲಿಗೆ. ಊರಿಗೆಲ್ಲ ಹೂವು ಕೊಟ್ಟೋಳು ತನ್ನ ಮುಡಿಗೆ ಅಷ್ಟು ಹೂವು ಇಟ್ಟಿದ್ದನ್ನ ನಾನು ನೋಡೇ ಇರಲಿಲ್ಲ.

"ಎಲ್ಗತ್ಗೆ?"

"ಪೂಜೆಗೆ."

"ಇವತ್ತು ಎಲ್ಡ್ನೇ ಓಲೆ. ನೀನ್ ಬರಂಗಿಲ್ಲ!"

"ಓದ್ವಾರ ಮನೇಲಿ ಕುಂತಿದ್ದಕ್ಕ ಏನ್ ಒಳ್ಳೇದಾಯ್ತು? ನಡಿ ನಡಿ, ಒತ್ತಾಯ್ತು."

ದಾರೀಲಿ ಯಾರ ಬಾಗಿಲಲ್ಲೂ ಕೂಗಲಿಲ್ಲ. ಚರ್ಚಿಗೆ ಕಾಲಿಟ್ಟಾಗ ಗುಸುಗುಸು ಎದ್ದಿತು. ಅಜ್ಜಿಯರು ಶಿಲುಬೆ ಗುರುತು ಹಾಕ್ಕೊಂಡರು. ಅತ್ತಿಗೆ ಫ್ಯಾನ್ ಕೆಳಗಿನ ತುದಿ ಬಿಟ್ಟು ನೇರ ಮುಂದಿನ ಬೆಂಚಿಗೆ ಹೋಗಿ ಕೂತಳು. ಪೂಜೆ ಉದ್ದಕ್ಕೂ ಪೀಠದ ಬಟ್ಟೆಯ ಅಂಚನ್ನೇ ನೋಡ್ತಿದ್ದಳು. ಹಾಡಲೇ ಇಲ್ಲ. ಬೇಡ ಅಂತ ಹೇಳೋಕೇ ಬಂದಿದ್ದಾಳೇನೋ ಅಂತ ನನಗೆ ಅನುಮಾನ.

ಫಾದರು ಕಾಗದ ತೆಗೆದರು. ಮುಂದೆಯೇ ಕೂತಿರೋಳನ್ನ ನೋಡಿದರು. ಆಮೇಲೆ ಓದಿದರು: "ಹನೂರಿನ ಚೌರಪ್ಪನವರಿಗೂ, ದಿವಂಗತ ಚಿನ್ನಪ್ಪನವರ ಮಗಳು ಲೂರ್ದ್ ಮೇರಿಗೂ…"

ಅತ್ತಿಗೆ ಎದ್ದು ನಿಂತಳು. ಪೀಠದ ಕಡೆಗಲ್ಲ, ಜನರ ಕಡೆಗೆ ತಿರುಗಿ ನಿಂತಳು.

"ನಾನೇ ಕಣ್ರವ್ವ ಅದು" ಅಂದಳು. "ಬ್ಯಾಂಡ್ ತಾತನ ಮಗ್ಳು. ಸರ್ಯಾಗ್ ನೋಡ್ಕಳಿ."

ಅವಳು ಫಾದರ್ ಕಡೆ ತಿರುಗಿದಳು. "ಸಾಮಿ, ಇನ್ನೊಂದ್ಸಲ ಓದ್ಬುಡಿ. ಊರ್ ಎಣ್ಮಕ್ಕಳ ಓಲೆ ಎಲ್ಲಾ ಕೇಳಿವ್ನಿ. ನಂದು ಒಂದ್ಸಲ ಕೇಳುದ್ರೆ ನಂಗ ಸಾಲಕಿಲ್ಲ."

ಫಾದರು ಕನ್ನಡಕ ಒರೆಸಿಕೊಂಡರು. ಮೈಕ್ ಹತ್ತಿರ ಎಳೆದುಕೊಂಡು ಮೊದಲಿಂದ ಓದಿದರು, ಒಂದೊಂದು ಹೆಸರೂ ಬಿಡಿಸಿ ಬಿಡಿಸಿ. ಅಡ್ಡಿ ಆತಂಕ ಗೊತ್ತಿದ್ದವರು ತಿಳಿಸಬೇಕು ಅನ್ನೋ ಮಾತಿಗೆ ಬಂದಾಗ ಸಗಾಯಮ್ಮ ಹಿಂದಿನಿಂದ, "ಯಾವ ಅಡ್ಡೀನೂ ಇಲ್ಲ, ನೀವು ಓದಿ ಫಾದರ್!" ಅಂತ ಕೂಗಿದಳು. ಚರ್ಚೆಲ್ಲ ನಕ್ಕಿತು. ನಾನು ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳ್ತಿದ್ದೆ. ಅತ್ತಿಗೆ ಕೂರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ತನ್ನ ಓಲೆಯನ್ನ ಕೊನೇ ಅಕ್ಷರದವರೆಗೂ ನಿಂತೇ ಕೇಳಿದಳು.