ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ವಿಮಾನ

೧೯೮೬ರಲ್ಲಿ, ಏಳನೆಯ ಇಯತ್ತೆಯ ನಡುವೆಯೇ, ನಾನು ಸಾಲೆ ಬಿಟ್ಟೆ. ಅದಕ್ಕಾಗಿ ಯಾರನ್ನೂ ದೂರಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಅಮರಗೋಳದ ಮಾರುಕಟ್ಟೆಯ ಮಗ್ಗುಲಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ದೊಡ್ಡ ದೊಡ್ಡ ಓದು ಓದಿದವರೂ ಅಲ್ಲಿಗೆ ಬಂದು, ನನ್ನ ಕೆಲಸ ಮುಗಿಯುವ ತನಕ ಸುಮ್ಮನೆ ನಿಲ್ಲುತ್ತಾರೆ. ಆ ಅಭಿಮಾನವನ್ನು ನಾನು ದುಡಿದು ಗಳಿಸಿದ್ದೇನೆ. ಅದು ನನ್ನಿಂದ ಏನು ಕಿತ್ತುಕೊಂಡಿತು ಎಂಬುದನ್ನೂ ಹೇಳಿಬಿಡುತ್ತೇನೆ, ಕೇಳಿ.

ಇಂಥವನಿಗೆ ಆಟದ ವಿಮಾನದ ಹುಚ್ಚು ಹತ್ತಿಸಿದವನು ಪಕ್ಕದ ಅಂಗಡಿಯ ಸ್ಕೂಟರ್ ಮಿಸ್ತ್ರಿ ಇಮಾಮಸಾಬ. ಥರ್ಮಾಕೋಲ್ ಕೊರೆದು ವಿಮಾನಕ್ಕೆ ಮೈ ಮಾಡುವವನು ಅವನು, ಮೋಟಾರು ಕೂಡಿಸಿ ಜೀವ ತುಂಬುವವನು ನಾನು. ರವಿವಾರ ಬೆಳಿಗ್ಗೆ ಗರಗದ ಹಾದಿಯ ಬೀಳು ಹೊಲದಲ್ಲಿ, ರಿಮೋಟಿನ ಎರಡು ಕೋಲುಗಳಿಂದ ಅದಕ್ಕೆ ಆಕಾಶದಲ್ಲಿ ಲಾಗ ಹಾಕಿಸುವುದು ಮಾತ್ರ ಸರದಿಯ ಮೇಲೆ, ಇಬ್ಬರೂ.

ಒಮ್ಮೆ ನಾಲ್ಕು ತಿಂಗಳು ಕೂತು, ನಾನೊಬ್ಬನೇ ಒಂದು ಪುಟ್ಟ ವಿಮಾನ ಕಟ್ಟಿದೆ. ಮೊದಲ ದಿನವೇ ಇಮಾಮಸಾಬನ ಸರದಿಯಲ್ಲಿ ತಲೆಕೆಳಗಾದ ಅದು ಮತ್ತೆ ಸರಿಯಾಗಲೇ ಇಲ್ಲ. ಎರೆಮಣ್ಣಿನಲ್ಲಿ ಮೂಗು ಹುಗಿದುಕೊಂಡು ನಿಂತಿತು. ನೋಡಲು ನೆರೆದಿದ್ದ ಹತ್ತು ಜನರ ನಡುವೆ ನಾನು ಕೂಗಿದೆ: “ಕೈಗೆ ಲಕ್ವಾ ಹೊಡದೈತೇನೋ ನಿನಗ? ಹಿಡಿಯಾಕ ಆಗೂದಿಲ್ಲಂದ್ರ ಬಾಯಿ ಬಿಟ್ಟು ಹೇಳಬೇಕಿಲ್ಲೋ!”

ನಮ್ಮ ಕಡೆ ಇದು ಬೈಗುಳದ ಲೆಕ್ಕಕ್ಕೇ ಬಾರದು. ಚಹಾದ ಬಸಿ ಜಾರಿದರೂ ಲಕ್ವಾ ಎನ್ನುತ್ತೇವೆ. ಆದರೆ ಯಾವ ಮಾತಿಗೂ ಮರುಮಾತು ಇಟ್ಟುಕೊಂಡಿದ್ದ ಇಮಾಮಸಾಬ ಅಂದು ರಿಮೋಟನ್ನು ನೆಲದ ಮೇಲಿಟ್ಟು ಹೊರಟುಹೋದ.

ಎರಡು ವರ್ಷ ಪಕ್ಕಪಕ್ಕದಲ್ಲಿ ಕೂತೂ ಮಾತಿಲ್ಲ. ಕೆಡವಿದವನು ಅವನು, ಅವನೇ ಬರಲಿ ಎಂದು ನಾನು. ಆಮೇಲೊಂದು ವಾರ ಅವನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಸಾಮಾನು ಒಯ್ಯಲು ಬಂದ ಅವನ ಹೆಂಡತಿ ಬೀಬಿಜಾನಳನ್ನು ಕೇಳಿದೆ.

“ನಿಮಗ ಗೊತ್ತಿಲ್ಲೇನ್ರಿ ಅಣ್ಣಾರ? ಕೈ ನಡಗತಾವು. ನರದ ಬ್ಯಾನಿ ಅಂದ್ರು ಡಾಕ್ಟರು. ಮೂರು ವರ್ಷಾತು. ಇವರು ಯಾರಿಗೂ ಹೇಳಬ್ಯಾಡ ಅಂದಿದ್ರು.”

ಮೂರು ವರ್ಷ. ಅಂದರೆ ಆ ರವಿವಾರ ಹೊಲದಲ್ಲಿ ಕೋಲು ಹಿಡಿದದ್ದು ನಡುಗುವ ಕೈಯೇ. ಬರಿಯ ಬೈಗುಳವಾಗಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಅರಿಯದೆ ಆಡಿದ ನಿಜವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಅವನ ಕೈಯಿಂದ ಮತ್ತೊಮ್ಮೆ ಹಾರಿಸಿಯೇ ತೀರಬೇಕೆಂದು ವಿದ್ಯಾನಗರದ ಆಟಿಕೆಯಂಗಡಿಗೆ ಹೋದೆ. ಎಲ್ಲಕ್ಕಿಂತ ಸಣ್ಣ ವಿಮಾನ ಕೇಳಿದೆ. ಕಲಿಯುವವನಿಗೆ ಸಣ್ಣ ಸೈಕಲ್ಲು ಕೊಡುವುದಿಲ್ಲವೇ, ಹಾಗೆ.

“ಸಣ್ಣದು ಭಾಳ ಸಿಟ್ಟಿಂದ್ರಿ ಕಾಕಾ,” ಅಂಗಡಿಯವನು ನಕ್ಕ. “ಬೆರಳು ಅಲುಗಿದ್ರ ಮುಗೀತು. ದೊಡ್ಡದು ಒಯ್ರಿ. ತಪ್ಪು ಹೊಟ್ಯಾಗ ಹಾಕ್ಕೋತೈತಿ.”

ಅವನೆಂದದ್ದು ಖರೆ. ಉದ್ದನೆಯ ದಪ್ಪ ರೆಕ್ಕೆ ಗಾಳಿಯನ್ನು ಅಷ್ಟು ಬೇಗ ಕೈಬಿಡದು; ದೂರದಿಂದಲೂ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಕಾಣುತ್ತದೆ; ಲಾಗ ಹಾಕುವಾಗ ಎಡವಿದರೆ ತಿದ್ದಿಕೊಳ್ಳಲು ನಾಲ್ಕು ಉಸಿರಿನಷ್ಟು ಬಿಡುವು ಕೊಡುತ್ತದೆ. ನಮ್ಮ ನುಡಿ ಕ್ಷಮೆಗೆ ಎದೆಯಲ್ಲಿ ಜಾಗ ಕೊಡದೆ ಹೊಟ್ಟೆಯಲ್ಲೇಕೆ ಕೊಟ್ಟಿತು ಎಂದು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನುಂಗಿದರೆ ಸಾಲದು, ಅರಗಬೇಕು ಎಂದಿರಬೇಕು.

ಕೋಲು ಎಷ್ಟು ಅಲುಗಿದರೂ ವಿಮಾನವನ್ನು ತಿರುಗಿಸುವ ರೆಕ್ಕೆಯ ಪಟ್ಟಿ ತುಸುವೇ ಹೊರಳುವಂತೆ ಹದಮಾಡಿದೆ. ಅವನಿಗೆ ಸಾಕಾದರೆ ನಾನು ಹಿಡಿಯಲೆಂದು ಎರಡನೆಯ ರಿಮೋಟನ್ನೂ ಜೋಡಿಸಿದೆ. ಅವನ ಮನೆಗೆ ಹೋಗಿ, “ದೊಡ್ಡದು ತಂದೇನಿ, ಬಾ,” ಎಂದೆ, ಅಷ್ಟೇ. ಹೊಲಕ್ಕೆ ಬಂದ. ಕೋಲಿನ ಮೇಲೆ ಅವನ ಬೆರಳುಗಳು ಅರಳಿ ಎಲೆಯಂತೆ ನಡುಗುತ್ತಿದ್ದವು. ಮೇಲೆ ವಿಮಾನ ಆ ನಡುಕವನ್ನೆಲ್ಲ ನುಂಗಿ, ನಿಧಾನವಾಗಿ, ತುಂಬು ಗುಂಡಗೆ ಒಂದು ಲಾಗ ಹಾಕಿತು. ನನ್ನ ರಿಮೋಟನ್ನು ನಾನು ಮುಟ್ಟಲೇ ಇಲ್ಲ.

ಇಳಿದ ಮೇಲೆ ಅವನು ರೆಕ್ಕೆ ಸವರಿದ. “ಇದರ ಹೊಟ್ಟಿ ಖರೇನ ದೊಡ್ಡದೈತಿ. ನಂದು ಅಷ್ಟು ದೊಡ್ಡದಿಲ್ಲೋ ಈರಪ್ಪ. ವಿಮಾನ ತಂದಿ, ಮಾತು ತರಲಿಲ್ಲ.”

‘ತಪ್ಪಾತು.’ ಸಾಲೆ ಬಿಟ್ಟವನಿಗೂ ಬರುವ ಮೂರೇ ಅಕ್ಷರ. ಹತ್ತು ಜನರ ಮುಂದೆ ಅಷ್ಟು ಜೋರಾಗಿ ತೆರೆದ ಬಾಯಿ ಅವನೊಬ್ಬನ ಮುಂದೆ ತೆರೆಯಲಿಲ್ಲ. ಬಗ್ಗಿ, ಬ್ಯಾಟರಿಯ ತಂತಿ ಬಿಚ್ಚುತ್ತ ಕುಳಿತೆ.

ಆ ಮೂರಕ್ಷರ ಹೊತ್ತುಕೊಂಡು ಅವನ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮಳೆಗಾಲವೇ ಕಳೆದಿತ್ತು. ಅವನು ಹಾಸಿಗೆ ಹಿಡಿದಿದ್ದ. ಬೀಬಿಜಾನ್ ಬಸಿಯಲ್ಲಿ ಚಹಾ ಆರಿಸಿ ಕುಡಿಸುತ್ತಿದ್ದಳು. “ತಪ್ಪಾತೋ ಇಮಾಮ,” ಎಂದೆ.

ಅವನು “ಬ್ಯಾಟರಿ ಇಳದ ಮ್ಯಾಲೆ ಬಟನ್ ಒತ್ತಾಕತ್ತಿಯಲ್ಲೋ,” ಎಂದು ನಕ್ಕ. ಬೀಬಿಜಾನಳೂ ನಕ್ಕಳು. ನನಗೆ ನಗಲಾಗಲಿಲ್ಲ. “ಚಾ ಕುಡದು ಹೋಗು,” ಎಂದ. ಕುಡಿದು ಬಂದೆ. ಹೊಟ್ಟೆಗೆ ಹಾಕಿಕೊಂಡನೋ ಇಲ್ಲವೋ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ.

ಈಗ ನನ್ನ ಹತ್ತಿರ ಇರುವುದು ದೊಡ್ಡ ವಿಮಾನ ಒಂದು, ರಿಮೋಟು ಎರಡು, ಬ್ಯಾಟರಿ ಮೂರು. ಹಾರಿಸಿದ್ದು ಒಂದು ಸಲ.