ಹೂಂ ಅಂದಲ್ಲಿ ಕಾಮಾ

ನನ್ನ ಯಜಮಾನರು ಪಂಪಾಪತಿ ಮಾಸ್ತರರು. ಊರು ಚೀಕಲಪರ್ವಿ. ಮಾನ್ವಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದರು. ರಿಟೈರ್ ಆದ ಮೇಲೂ ಮಂದಿ ಬಿಡಲಿಲ್ಲ. ಸಂಜೆಯಾದರೆ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು.

ಅಕ್ಕಿ ಗಿರಣಿಯ ಗುಮಾಸ್ತ ಅಂಬರೇಶ ಒಂದು ದಿನ ಕೇಳಿದ, "ಸರ್, ಅರ್ಜಿ ಕೊನಿಗೆ 'ಡೂ ದಿ ನೀಡ್‌ಫುಲ್' ಬರೀದಿದ್ರ ನಡೀತದೇನ್ರಿ?"

"ನಡೀತದ. ಆದ್ರ ಆಫೀಸ್ನವ್ರು ಇದು ಯಾವ ಪರದೇಶದವನ ಅರ್ಜಿ ಅಂತಾರ."

"'ಸಿನ್ಸ್' ಎಲ್ಲಿ, 'ಫಾರ್' ಎಲ್ಲಿ ಸರ್?"

"ನಿನ್ನ ಹೆಂಡ್ತಿ ಮುಂಜಾನಿಂದ ಬೈಯಾಕತ್ಯಾಳ ಅಂದ್ರ 'ಸಿನ್ಸ್'. ಎರಡು ತಾಸಾತು ಅಂದ್ರ 'ಫಾರ್'."

ಕಾಮಾ ಎಲ್ಲಿಡಬೇಕು ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನನ್ನು ಕೂಗುತ್ತಿದ್ದರು. ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ಇಂಗ್ಲಿಷ್ ಬಾರದು. ಆದರೆ ನಮ್ಮ ಕಡೆ ಕಥೆ ಹೇಳುವವರ ಎದುರು ಒಬ್ಬರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಆ ಕೆಲಸ ನನ್ನದು. ಮಂದಿ ಬರೆದು ತಂದದ್ದನ್ನು ಮಾಸ್ತರರು ಓದುವುದು, ನಾನು ಹೂಂ ಅನ್ನುವುದು. ಹೂಂ ಅಂದಲ್ಲಿ ಕಾಮಾ. ಬಹಳ ಹೊತ್ತು ಹೂಂ ಬರದಿದ್ದರೆ, "ಈಕಿಗೆ ಉಸಿರು ಕಟ್ಟಾಕತ್ತದ, ವಾಕ್ಯ ಕಡೀರಿ" ಎನ್ನುತ್ತಿದ್ದರು.

ಒಮ್ಮೆ ಯಾರದೋ ಲಗ್ನಪತ್ರಿಕೆ ಓದುತ್ತಿದ್ದರು. ಪಕ್ಕದ ಮನೆಯ ಸುನಂದಾ ಗೋಡೆಯಾಚೆಯಿಂದ ಮೊಸರಿಗೆ ಹೆಪ್ಪು ಕೇಳಿದಳು. ಹೂಂ ಅಂದೆ. ಅಲ್ಲೂ ಕಾಮಾ ಬಿತ್ತು, ಹಾಗೇ ಅಚ್ಚಾಯಿತು. ಕೇಳಿದವರಿಗೆ, "ಅದು ಸುನಂದಾನ ಹೆಪ್ಪಿನ ಕಾಮಾರೀ" ಎಂದರು.

ಮಾಘದಲ್ಲಿ ಅವರು ಹೋದರು. ಉಂಡು ಕೈ ತೊಳೆದರು, ಗೋಡೆಗೆ ಒರಗಿದರು, ಅಷ್ಟೇ. ಆಮೇಲೆ ನಾನು ಯಾರ ಮಾತಿಗೂ ಹೂಂ ಅನ್ನಲಿಲ್ಲ. ಮಾತಾಡಿಸಲು ಬಂದವರು ತಾವೇ ಮಾತಾಡಿ ಎದ್ದು ಹೋದರು.

ಯುಗಾದಿ ಕಳೆದ ಮೇಲೆ, ಮಾಸ್ತರರ ಹತ್ತಿರ ಇಂಗ್ಲಿಷ್ ತಿದ್ದಿಸಿಕೊಳ್ಳಲು ಬರುತ್ತಿದ್ದ ರಾಧಾ ದೇವದುರ್ಗದಿಂದ ಬಂದಳು. ರಾಯಚೂರಿನ ಒಂದು ದವಾಖಾನೆಯಲ್ಲಿ ಕೌಂಟರಿನ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿದ್ದರು. ಮರುದಿನ ಅಲ್ಲಿ ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಬೇಕು. ಅವಳು ಬರೆದಿಟ್ಟಿದ್ದನ್ನು ಮಾಸ್ತರರು ಬದುಕಿದ್ದಾಗ ಅರ್ಧ ನೋಡಿದ್ದರು.

"ಇನ್ನರ್ಧ ಉಳದದ ಯವ್ವಾ. ಈ ಕೆಲಸ ಸಿಗಲಿಲ್ಲಂದ್ರ ಅಪ್ಪ ಲಗ್ನ ಮಾಡಿ ಕಳಸ್ತಾನ. ಸುಮ್ನ ಕೇಳ್ರಿ ಸಾಕು."

ಕೂತೆ. ಓದಿದಳು. ಅವರು ನೋಡಿದ ಅರ್ಧ ನಿಂತು ನಿಂತು ಚೆನ್ನಾಗಿ ಬಂತು. ಉಳಿದರ್ಧಕ್ಕೆ ಕಾಮಾ ಇರಲಿಲ್ಲ. ಬ್ರೇಕ್ ಹೋದ ಬಸ್ಸಿನಂತೆ ಓಡಿದಳು. ಮುಖ ಕೆಂಪಾಯಿತು. ನನಗೇ ಉಸಿರು ಕಟ್ಟಿತು. ಹೂಂ ಅಂದೆ.

ಗಕ್ಕನೆ ನಿಂತಳು. ಕಾಮಾ ಇಟ್ಟಳು. ನನ್ನ ಮುಖ ನೋಡಲಿಲ್ಲ, ಒಳ್ಳೆಯದಾಯಿತು. ಕೊನೆಯತನಕ ಹೂಂ ಅಂದೆ.

"'ಐ ಹ್ಯಾವ್ ಟೂ ಬ್ರದರ್ಸ್' ಸರೀನೋ, 'ಐ ಆಮ್ ಹ್ಯಾವಿಂಗ್' ಸರೀನೋ ಯವ್ವಾ?"

"ನನಗೇನ್ ಗೊತ್ತಲೇ. ಎರಡರಾಗ ಸಣ್ಣದು ಹೇಳು. ಬಸ್ಸಿಗೆ ಹೊತ್ತಾತು."

ಮರುದಿನ ಮಧ್ಯಾಹ್ನ ಫೋನ್ ಮಾಡಿದಳು.

"ಯವ್ವಾ, ಮೊದಲ್ನೇ ಕಾಮಾಕ್ಕ ನಿಂತೆ. ಅಲ್ಲಿದ್ದವ್ರು ಯಾರೂ ಹೂಂ ಅನ್ಲಿಲ್ಲ. ನನಗ ಮುಂದ ಹೋಗಾಕ ಬರ್ಲಿಲ್ಲ, ಕಾದೆ. ಅವರೂ ನನ್ನ ಮುಖಾ ನೋಡಿದ್ರು. ಕಡೀಕ ನಡುವ ಕುಂತ ದೊಡ್ಡ ಡಾಕ್ಟ್ರು ಹೂಂ ಅಂದ್ರು. ಆಮ್ಯಾಲ ಎಲ್ಲಾರೂ ಹೂಂ ಅನ್ನಾಕತ್ರು."

"ಕೆಲಸದ್ದು ಹೇಳು."

"ಸೋಮವಾರದಿಂದ ಬಾ ಅಂದಾರ ಯವ್ವಾ. ಕೇಳಾಕತ್ತೀರಿಲ್ಲೋ?"

"ಹೂಂ" ಅಂದೆ.