ಸನ್ಮಾನಪತ್ರದ ಇಂಗ್ಲಿಷ್ ಭಾಗ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮೂಡುಬಿದಿರೆ ಕಡೆಯ ಒಂದು ಠಾಣೆಯಲ್ಲಿ ಎ.ಎಸ್.ಐ. ಆಗಿದ್ದೆ. ಕಳ್ಳರ ಹಿಂದೆ ಓಡುವ ಮೊಣಕಾಲು ಸವೆದಿದ್ದರಿಂದ ಇಲಾಖೆ ನನಗೆ ವಿದೇಶಿಯರ ಕಡತವನ್ನು ದಯಪಾಲಿಸಿತ್ತು. ವಿದೇಶಿಯರಿಗೆ ಮನೆ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ಸಿ-ಫಾರ್ಮ್ ತುಂಬಬೇಕು. ನಾವು ಹೋಗಿ ವಿಚಾರಿಸಿ ವರದಿ ಬರೆಯಬೇಕು. ಬಂದ ಉದ್ದೇಶವೇನೆಂದು ಫಾರ್ಮ್ ಕೇಳುತ್ತದೆ. ಪ್ರವಾಸ, ಓದು, ಚಿಕಿತ್ಸೆ ಎಂದು ಬರೆಯಬಹುದು. ಜೀವ ಉಳಿಸಿಕೊಳ್ಳಲು ಎಂದು ಬರೆದವರನ್ನು ನಾನು ಕಂಡಿರಲಿಲ್ಲ.

ಆ ಕಡತದಲ್ಲಿದ್ದ ಒಬ್ಬಳನ್ನು ಮಿರ್ಲಾಂಡ್ ಎಂದು ಕರೆಯುತ್ತೇನೆ; ಅದು ಅವಳ ಹೆಸರಲ್ಲ. ಹೈಟಿ ದೇಶದವಳು. ವಿದ್ಯಾರ್ಥಿ ವೀಸಾದಲ್ಲಿ ಬಂದು ಶಿರ್ತಾಡಿಯ ರಾಜೀವ ಶೆಟ್ಟರ ಮಾಳಿಗೆಯಲ್ಲಿ ಬಾಡಿಗೆಗಿದ್ದಳು. ಅವಳ ಗಂಡ ಬಸ್ ಚಾಲಕ. ಬೀದಿಯನ್ನು ಆಳುತ್ತಿದ್ದ ಬಂದೂಕಿನ ತಂಡಕ್ಕೆ ಹಫ್ತಾ ಕೊಡದ ತಪ್ಪಿಗೆ ಸ್ಟೇರಿಂಗಿನ ಮೇಲೆಯೇ ಸತ್ತಿದ್ದ. ಗುಂಡು ಹಾರಿಸಿದವನ ಹೆಸರನ್ನು ಅವಳೂ ಅವಳ ತಮ್ಮನೂ ಅಲ್ಲಿನ ಪೊಲೀಸರಿಗೆ ಹೇಳಿದ್ದರು. ಇವಳಿಗೆ ವೀಸಾ ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ. ಅವನು ದೂರದ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಡಗಿದ್ದ. ಆ ಊರಿನ ಹೆಸರನ್ನು ನನ್ನ ವರದಿಗೆ ಹೇಳುವಾಗ ಅವಳು ಎರಡು ಸಲ ಬಾಗಿಲ ಕಡೆ ನೋಡಿದಳು.

ಶೆಟ್ಟರು ದೊಡ್ಡ ಮನಸ್ಸಿನವರು. ತಮ್ಮ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಅವಳಿಗೆ ಸನ್ಮಾನವೆಂದು ನಿಶ್ಚಯಿಸಿದರು. ನಮ್ಮ ತಾಲೂಕುಗಳಲ್ಲಿ ಶಾಲು ಹೊದೆಯದೆ ಸಾಯುವುದು ಬಹಳ ಕಷ್ಟ. ಮನೆ ಕೊಟ್ಟವರ ಮಾತು ಮೀರಲಾರದೆ ಅವಳು ಒಪ್ಪಿದಳು; ಫೋಟೋ ಮಾತ್ರ ಬೇಡ ಎಂದಳು.

ಶೆಟ್ಟರು ಠಾಣೆಗೆ ಬಂದರು. "ಸನ್ಮಾನಪತ್ರಕ್ಕೆ ಸ್ವಲ್ಪ ವಿವರ ಬೇಕಿತ್ತಲ್ಲ ಸರ್. ಎಲ್ಲಿಯವರು, ಮನೆಯಲ್ಲಿ ಯಾರೆಲ್ಲ ಉಂಟು. ಬರೀ ಹೆಸರು ಹಾಕಿದ್ರೆ ಬೋಳು ಬೋಳು ಕಾಣ್ತದೆ."

"ಅವರನ್ನೇ ಕೇಳಬಹುದಲ್ಲ ಶೆಟ್ರೇ?"

"ಸರ್‌ಪ್ರೈಸ್ ಮಾರಾಯ್ರೇ. ಮುಖ್ಯ ಅತಿಥಿ ನೀವೇ."

ಆ ಪದವಿ ಕಿವಿಗೆ ಬಿದ್ದ ಕೂಡಲೇ ಕಡತದ ಕಪಾಟು ತಾನಾಗಿ ತೆರೆದುಕೊಂಡಿತೆಂದು ಬರೆದರೆ ಸುಳ್ಳಾಗುತ್ತದೆ. ತೆರೆದವನು ನಾನು. ಪತ್ರದ ಕನ್ನಡ ಒಬ್ಬ ಮೇಷ್ಟರದ್ದು. ಅವಳಿಗೆ ಅರ್ಥವಾಗಲೆಂದು ಕೆಳಗೆ ಹಾಕಿದ ಇಂಗ್ಲಿಷ್ ನನ್ನದು. ತಮ್ಮನು ಇಂಥ ಊರಿನಲ್ಲಿ ಚಿಕ್ಕಮ್ಮನ ಆಶ್ರಯದಲ್ಲಿ ಧೈರ್ಯವಾಗಿ ಬಾಳುತ್ತಿದ್ದಾನೆ ಎಂಬ ವಾಕ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಸಭೆಯಲ್ಲಿ ಅವಳ ಫೋಟೋ ಯಾರೂ ತೆಗೆಯಲಿಲ್ಲ. ಶೆಟ್ಟರು ಮಾತಿಗೆ ತಪ್ಪುವವರಲ್ಲ. ಚೌಕಟ್ಟು ಹಾಕಿದ ಪತ್ರದ ಫೋಟೋ ಮಂಡಲದ ಫೇಸ್‌ಬುಕ್ಕಿಗೆ ಹೋಯಿತು. ಪತ್ರವನ್ನು ಮನೆಯಲ್ಲಿ ಓದಿದ ಅವಳು ಮರುದಿನ ಬೆಳಿಗ್ಗೆ ಓಡಿಬಂದಳು. ಮಧ್ಯಾಹ್ನದೊಳಗೆ ಅಳಿಸಿದೆವು. ಅಷ್ಟರಲ್ಲಿ ಊರ ಅಭಿಮಾನಿಗಳು ಅದನ್ನು ಎಲ್ಲೆಲ್ಲಿಗೋ ಹಂಚಿದ್ದರು.

ಹನ್ನೊಂದನೆಯ ದಿನ ಮತ್ತೆ ಬಂದಳು. ತಮ್ಮನನ್ನು ಚಿಕ್ಕಮ್ಮನ ಅಂಗಳದಲ್ಲಿ ಕೊಂದಿದ್ದರು. ಕೊಂದವರು ಮೊಬೈಲಿನಲ್ಲಿ ಆ ಪತ್ರವನ್ನು ಚಿಕ್ಕಮ್ಮನಿಗೆ ತೋರಿಸಿ ಹೋಗಿದ್ದರಂತೆ. ಮಿರ್ಲಾಂಡ್ ಅಳಲಿಲ್ಲ. ಕಲಿತಷ್ಟು ಕನ್ನಡದಲ್ಲಿ ಕೇಳಿದಳು.

"ಊರಿನ ಹೆಸರು ಯಾರು ಬರೆದದ್ದು?"

"ನಾನು."

ತಲೆಯಾಡಿಸಿದಳು. ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದಳು. ಏಳಿ ಎನ್ನುವ ಅಧಿಕಾರ ನನಗಿರಲಿಲ್ಲ.

ದೆಹಲಿಯ ನಿರಾಶ್ರಿತರ ಕಚೇರಿ ಆಶ್ರಯ ಕೋರಿ ಅವಳು ಹಿಂದೆಯೇ ಹಾಕಿದ್ದ ಅರ್ಜಿಗೆ ಅಪಾಯದ ಪುರಾವೆ ಕೇಳಿ ಸುಮ್ಮನಾಗಿತ್ತು. ಈಗ ಪುರಾವೆ ಇತ್ತು. ಸನ್ಮಾನಪತ್ರದ ಪ್ರತಿಯನ್ನು ನಾನೇ ದೃಢೀಕರಿಸಿ ಸಹಿ ಹಾಕಿದೆ. ಆಶ್ರಯದ ಕಾರ್ಡ್ ಬಂತು. ಅವಳು ಬೇರೆಡೆಗೆ ಹೋದಳು.

ಹೊಸಬರನ್ನು ಕಂಡರೆ ಯಾವ ಊರು, ಮನೆಯಲ್ಲಿ ಯಾರೆಲ್ಲ ಎಂದು ಕೇಳುವುದು ನಮ್ಮಲ್ಲಿ ಪ್ರೀತಿ. ಓಡಿಬಂದವರನ್ನು ಹುಡುಕುವವರೂ ಅದನ್ನೇ ಕೇಳುತ್ತಾರೆ ಎಂಬುದನ್ನು ನನ್ನ ಕೆಲಸ ನನಗೆ ಬಹಳ ತಡವಾಗಿ ಕಲಿಸಿತು. ನಿವೃತ್ತನಾದ ಮೇಲೂ, ಬಿ.ಸಿ.ರೋಡಿನ ಪೇಟೆಯಲ್ಲಿ ಸಿಕ್ಕಾಗಲೆಲ್ಲ ಶೆಟ್ಟರು, ಆ ಹುಡುಗಿ ಈಗ ಎಲ್ಲಿದ್ದಾಳೆಂದು ಸಂಕಟದಿಂದಲೇ ವಿಚಾರಿಸುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ.

ಗೊತ್ತುಂಟು.